ಹೆಸರಿನಲ್ಲಿ ಕೂತ ಅಕ್ಷರ

ಬೀಜಿಂಗಿಗೆ ಹೋದ ಮರುದಿನ ಬೆಳಿಗ್ಗೆಯೇ ಬಾಯ್‌ಯುನ್ ಗ್ವಾನ್ ಹುಡುಕಿಕೊಂಡು ಹೊರಟೆ. ಬಿಳಿ ಮೋಡದ ಮಠ ಅಂತ ಅರ್ಥ. ಹೆಬ್ಬಾಗಿಲ ಕಲ್ಲಿನ ಕಮಾನಿನಲ್ಲಿ ಒಂದು ಪುಟ್ಟ ಕೋತಿಯ ಕೆತ್ತನೆ ಇದೆ. ಬಂದವರೆಲ್ಲ ಅದನ್ನು ಸವರಿಯೇ ಒಳಗೆ ಹೋಗುತ್ತಾರೆ. ಸವರಿ ಸವರಿ ಅದರ ಕಣ್ಣು, ಮೂಗು ಅಳಿಸಿಹೋಗಿವೆ. ಎಣ್ಣೆ ಹಚ್ಚಿದ ಹಾಗೆ ಕಲ್ಲು ಕಪ್ಪಗೆ ಮಿರುಗುತ್ತದೆ. ನಾನೂ ಸವರಿದೆ. ತಣ್ಣಗಿತ್ತು.

ಎಪ್ಪತ್ತು ದಾಟಿದ ಮೇಲೆ, 1222ರಲ್ಲಿ, ಚೆಂಗೀಸ್ ಖಾನನನ್ನು ಕಾಣಲು ಹಿಂದೂಕುಶ್ ತನಕ ಹೋಗಿದ್ದ ಛಿಯು ಛುಜಿಯ ಸಮಾಧಿ ಇಲ್ಲಿದೆ. ಅವನು ದಾವೋ, ಅಂದರೆ ಚೀನಾದ ತಾವೋ ಧರ್ಮದ ಗುರು. ಹೆಚ್ಚಿನವರು ಬರುವುದು ಅವನಿಗಾಗಿ. ನನ್ನನ್ನು ಎಳೆದು ತಂದದ್ದು ಅವನ ನಂತರ ನಾನೂರು ವರ್ಷಕ್ಕೆ ನಡೆದ ಕಥೆ.

ಮಿಂಗ್ ಅರಸರು ಬಿದ್ದು ಹನ್ನೆರಡೇ ವರ್ಷವಾಗಿತ್ತು. ಹೊಸದಾಗಿ ಬಂದ ಮಂಚು ದೊರೆಗಳ ರಾಜಧಾನಿಯಲ್ಲಿ, 1656ರಲ್ಲಿ, ವಾಂಗ್ ಚಾಂಗ್‌ಯುಯೆ ಎಂಬ ಗುರು ಇದೇ ಮಠದಲ್ಲಿ ಎಲ್ಲರೆದುರು ಸನ್ಯಾಸ ದೀಕ್ಷೆ ಕೊಡಲು ಶುರು ಮಾಡಿದ. ಆಮೇಲೆ ನಾನ್‌ಜಿಂಗ್, ಹಾಂಗ್‌ಜೌ ಕಡೆಗೂ ಹೋಗಿ ದೀಕ್ಷೆ ಕೊಟ್ಟ. ಅವನ ಲೊಂಗ್‌ಮೆನ್ ಪರಂಪರೆ ಮುಂದಿನ ಇನ್ನೂರು ವರ್ಷದಲ್ಲಿ ಚೀನಾದ ಮೂಲೆಮೂಲೆಗೂ ಹಬ್ಬಿತು.

ಹಬ್ಬಿದ್ದು ಹೇಗೆ ಅನ್ನುವುದೇ ಸೊಗಸು. ದಾವೋ ಸನ್ಯಾಸಿಗಳಲ್ಲಿ ಎರಡು ಥರದ ಮಠಗಳಿದ್ದವು. ಒಂದು, ಮಕ್ಕಳು-ಮೊಮ್ಮಕ್ಕಳ ಗುಡಿ. ಚಿಕ್ಕದು, ಗುರುವಿನಿಂದ ಶಿಷ್ಯನಿಗೆ ಆಸ್ತಿಯ ಹಾಗೆ ಇಳಿದು ಬರುವಂಥದ್ದು. ಹುಡುಗರು ಸೇರುವುದು, ಕಲಿಯುವುದು ಅಲ್ಲೇ. ಇನ್ನೊಂದು ಹತ್ತು ದಿಕ್ಕಿನ ಮಠ. ಅದು ಯಾರ ಸ್ವತ್ತೂ ಅಲ್ಲ. ತನ್ನದೇ ಶಿಷ್ಯರನ್ನು ಮಾಡಿಕೊಳ್ಳುವ ಹಾಗೂ ಇಲ್ಲ. ಯಾವ ದಿಕ್ಕಿನಿಂದ ಯಾವ ಸನ್ಯಾಸಿ ಬಂದರೂ ಊಟ, ಹಾಸಿಗೆ ಕೊಡಬೇಕು. ದೀಕ್ಷೆ ಕೊಡುವುದೂ ಇಂಥ ಕಡೆಯೇ. ದೀಕ್ಷೆ ಆದವನ ಕೈಗೆ ಒಂದು ನಿಲುವಂಗಿ, ಒಂದು ಭಿಕ್ಷಾಪಾತ್ರೆ, ಒಂದು ಪತ್ರ. ಜೊತೆಗೆ ದೀಕ್ಷೆ ಪಡೆದ ಎಲ್ಲರ ಹೆಸರು, ಊರು, ಗುಡಿಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿಸುತ್ತಿದ್ದರು. ಒಂದೇ ಹಾಳೆಯಲ್ಲಿ ಬೇರೆ ಬೇರೆ ಸೀಮೆಯ ಹುಡುಗರು, ಅಣ್ಣತಮ್ಮಂದಿರ ಹಾಗೆ.

ಹಿತ್ತಿಲ ತೋಟದಲ್ಲಿ ದೀಕ್ಷೆಯ ಕಟ್ಟೆ ಇದೆ. ವಾಂಗ್ ಕಾಲದ್ದಲ್ಲ, ಆಮೇಲೆ ಕಟ್ಟಿದ್ದು. ಅಲ್ಲಿ ಕೂತು ನೋಟ್‌ಬುಕ್ ತೆಗೆದೆ. ಲೊಂಗ್‌ಮೆನ್‌ನವರಿಗೆ 100 ಅಕ್ಷರದ ಒಂದು ಪದ್ಯವಿದೆ. ಒಂದೊಂದು ತಲೆಮಾರಿಗೆ ಒಂದೊಂದು ಅಕ್ಷರ, ಅದು ಸನ್ಯಾಸಿಯ ಹೆಸರಿನಲ್ಲಿ ಮನೆತನದ ಹೆಸರಾದ ಮೇಲೆ ಬರುತ್ತದೆ. ವಾಂಗ್ ಚಾಂಗ್‌ಯುಯೆಯ 'ಚಾಂಗ್' ಏಳನೆಯದು. ಎಂಟನೆಯದು 'ಶೌ'. ಈ ಎಂಟರಲ್ಲೇ ನನ್ನ ಜೀವ ಸಿಕ್ಕಿಕೊಂಡಿದ್ದು. ಹನ್ನೊಂದನೇ ತಲೆಮಾರಿನ ಮಿನ್ ಯೀದ ಬರೆದಿಟ್ಟಂತೆ, ಯುನ್ನಾನಿನ ಕೋಳಿಕಾಲು ಬೆಟ್ಟದಲ್ಲಿ ಭಾರತದಿಂದ ಬಂದ ಒಬ್ಬ ಸಾಧಕನಿದ್ದ. ಅವನು ವಾಂಗ್ ಹತ್ತಿರ ಬಂದು ದೀಕ್ಷೆ ತಗೊಂಡು ಹ್ವಾಂಗ್ ಶೌಜೊಂಗ್ ಆದನಂತೆ. ಆಯುಸ್ಸು ನೂರಾರು ವರ್ಷ ಅನ್ನುವ ಕಥೆಯೂ ಸೇರಿದೆ. ಇದು ಚರಿತ್ರೆಯಲ್ಲ, ಐತಿಹ್ಯ ಎಂದೇ ವಿದ್ವಾಂಸರ ಮಾತು. ಇರಲಿ. ದೂರದ ನಮ್ಮವನೊಬ್ಬನಿಗೂ ತಮ್ಮ ಪದ್ಯದ ಅಕ್ಷರ ಕೊಟ್ಟು ಮನೆಯವನು ಅಂದುಕೊಂಡರಲ್ಲ, ಅದು ದೊಡ್ಡ ಮನಸ್ಸು ಅಲ್ವಾ?

ಎರಡು ದಿನ ಬಿಟ್ಟು ರೈಲಿನಲ್ಲಿ ಶಿಆನ್‌ಗೆ ಹೋದೆ. ಅಲ್ಲಿನ ಬಾಶಿಯನ್ ಗೊಂಗ್ ಕೂಡ ಹತ್ತು ದಿಕ್ಕಿನ ಮಠವೇ. 1900ರಲ್ಲಿ ವಿದೇಶಿ ಸೈನ್ಯ ಬೀಜಿಂಗಿಗೆ ನುಗ್ಗಿದಾಗ ರಾಜಮಾತೆ ತ್ಸಿಶಿ ಓಡಿ ಬಂದದ್ದು ಈ ಊರಿಗೆ. ಈ ಮಠಕ್ಕೂ ಆಗ ಅರಮನೆಯ ಕೃಪೆ ಸಿಕ್ಕಿತು.

ಅತಿಥಿ ಕೋಣೆಯ ಬಾಗಿಲಲ್ಲಿ ಒಬ್ಬ ಯುವ ಸನ್ಯಾಸಿ ನಿಂತಿದ್ದ. ನೆತ್ತಿಯ ಮೇಲೆ ಕೂದಲಿನ ಗಂಟು, ಬೆನ್ನಿಗೆ ಚೀಲ, ಬೂಟಿನ ತುಂಬ ಧೂಳು. ಒಳಗಿದ್ದ ಹಿರಿಯರು ಪತ್ರ ನೋಡಿದರು. ಬೆಳಗಿನ ಪಾಠ ಹೇಳು ಅಂದಿರಬೇಕು. ಹುಡುಗ ಕಣ್ಣು ಮುಚ್ಚಿ, ಎಲ್ಲೂ ತಡವರಿಸದೆ ಹೇಳುತ್ತಾ ಹೋದ. ಅರ್ಧಕ್ಕೇ ಹಿರಿಯರು ಸಾಕು ಅನ್ನುವ ಹಾಗೆ ಕೈ ಎತ್ತಿ, ದಪ್ಪ ಪುಸ್ತಕ ಬಿಚ್ಚಿ ಹೆಸರು ಬರೆದುಕೊಂಡರು.

ಹುಡುಗ ಹೊರಗೆ ಬಂದಾಗ ನೋಟ್‌ಬುಕ್‌ನಲ್ಲಿದ್ದ ಪದ್ಯ ತೋರಿಸಿದೆ. ಅವನ ಮುಖ ಅರಳಿತು. ಸಾಲುಗಳ ಮೇಲೆ ಬೆರಳಾಡಿಸಿ ಒಂದು ಅಕ್ಷರದ ಮೇಲೆ ನಿಲ್ಲಿಸಿದ. 'ಶಿನ್'. ಎಣಿಸಿದೆ, ಇಪ್ಪತ್ತೈದನೆಯದು. ನಾನು ಎಂಟನೆಯದನ್ನು ಮುಟ್ಟಿ, "ಇಂಡಿಯಾ" ಅಂದೆ. ಅವನು ಎರಡೂ ಕೈ ಜೋಡಿಸಿ ಬಾಗಿದ.