ಅಗೆದ ಗುಡ್ಡ ಕೊಡುವ ಹಣ, ಅಗೆಯದ ಗುಡ್ಡ ಕೊಡದ ಹಣ

ನಮ್ಮ ಬಳ್ಳಾರಿ ಸೀಮೆಯಲ್ಲಿ ಒಂದು ವಿಚಿತ್ರ ನ್ಯಾಯ ನಡೆದುಬಂದಿದೆ. ಗುಡ್ಡವನ್ನು ಅಗೆದು ಅದಿರು ಸಾಗಿಸಿದರೆ, ಅದರ ಬುಡದಲ್ಲಿರುವ ಹಳ್ಳಿಗಳಿಗೆ ಖರ್ಚು ಮಾಡಲೇಬೇಕಾದ ಹಣವೊಂದು ಕಾನೂನಿನ ಪ್ರಕಾರ ಹುಟ್ಟುತ್ತದೆ. ಅದೇ ಗುಡ್ಡವನ್ನು ಅಗೆಯದೆ ಕರಡಿ, ಚಿರತೆ, ನವಿಲುಗಳಿಗೆ ಬಿಟ್ಟುಕೊಟ್ಟರೆ ಅಂಥ ಹಣ ಹುಟ್ಟುವುದಿಲ್ಲ. 2015ರಲ್ಲಿ ಗಣಿ ಮತ್ತು ಖನಿಜಗಳ ಕಾಯ್ದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಹಳೆಯ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇಕಡಾ 10ರಷ್ಟನ್ನು ಅದಕ್ಕೆ ಕಟ್ಟಬೇಕು. ಆ ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಮೊದಲು ಸಲ್ಲಬೇಕು. ಅದು ಹೇಗೆ ಖರ್ಚಾಗುತ್ತಿದೆ ಎಂಬುದರ ಬಗ್ಗೆ ನಮ್ಮಲ್ಲಿ ತಕರಾರುಗಳು ಬೇಕಾದಷ್ಟಿವೆ, ಅವುಗಳಲ್ಲಿ ನನ್ನವೂ ಸೇರಿವೆ. ಆದರೆ ತಕರಾರು ಮಾಡುವುದಕ್ಕಾದರೂ ಒಂದು ನಿಯಮ, ಒಂದು ಖಾತೆ, ಒಂದು ಶೇಕಡಾವಾರು ಲೆಕ್ಕ ಅಲ್ಲಿದೆ. ನಮ್ಮ ದರೋಜಿ ಕರಡಿಧಾಮದ ಪಕ್ಕದ ಹಳ್ಳಿಯವನಿಗೆ ಅದೂ ಇಲ್ಲ.

ದರೋಜಿ ಎಂದರೆ ನನ್ನ ತಲೆಮಾರಿನವರಿಗೆ ಮೊದಲು ನೆನಪಾಗುವುದು ಬುರ್ರಕಥಾ ಈರಮ್ಮ, ಆಮೇಲೆ ಕೆರೆ, ಅದಾದ ಮೇಲೆ ಕರಡಿ. ಹೊರಗಿನಿಂದ ಬರುವವರಿಗೆ ಕರಡಿಯೇ ಮೊದಲು. ಧಾಮದ ಘೋಷಣೆಯಾದದ್ದು 1994ರಲ್ಲಿ. ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದಿಂದ ಆರಂಭವಾಗಿ, ಮುಂದೆ ಬುಕ್ಕಸಾಗರದ ಅರಣ್ಯವೂ ಸೇರಿಕೊಂಡು, ಈಗ ಅದು ಸುಮಾರು 82 ಚದರ ಕಿಲೋಮೀಟರಿನಷ್ಟು ವಿಸ್ತಾರವಾಗಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಪ್ರವಾಸಿಗರು ಬಂದಿಳಿಯುವ ಕಮಲಾಪುರದ ಕಡೆ ಆ ಜಿಲ್ಲೆಗೆ ಹೋಯಿತು, ದರೋಜಿ ಊರು ಸಂಡೂರು ತಾಲ್ಲೂಕಿನೊಂದಿಗೆ ನಮ್ಮಲ್ಲೇ ಉಳಿಯಿತು. ಮಧ್ಯಾಹ್ನ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ, ಸಂಜೆಯ ಹೊತ್ತಿಗೆ ಕರಡಿಗಳು ಅದನ್ನು ನೆಕ್ಕಲು ಬರುತ್ತವೆ, ವೀಕ್ಷಣಾ ಗೋಪುರದ ಮೇಲೆ ನಿಂತವರು ಕ್ಯಾಮೆರಾ ತಿರುಗಿಸುತ್ತಾರೆ. ಕಾಡುಪ್ರಾಣಿಗೆ ದಿನವೂ ಹೀಗೆ ಬೆಲ್ಲದ ರುಚಿ ಹಚ್ಚುವುದು ಸರಿಯೇ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ, ಆದರೆ ಅದು ಬೇರೆಯೇ ಚರ್ಚೆ.

ಇಲ್ಲಿನ ಮಾತು ಗೋಪುರದಿಂದ ಕಾಣದ ಕರಡಿಗಳದ್ದು. ಕತ್ತಲಾದ ಮೇಲೆ ಅವು ಗುಡ್ಡ ಇಳಿದು ಶೇಂಗಾ, ಮೆಕ್ಕೆಜೋಳ, ಕಬ್ಬು, ಬಾಳೆಗಳ ಕಡೆ ನಡೆಯುತ್ತವೆ. ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟು ಚುರುಕಲ್ಲ, ಮೂಗು ಮಾತ್ರ ಬಹಳ ಸೂಕ್ಷ್ಮ. ಹಾಗಾಗಿ ಹುತ್ತ ಕೆದಕುತ್ತ ಮೈಮರೆತ ಕರಡಿಗೆ ಮನುಷ್ಯ ತೀರ ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ. ಗೊತ್ತಾದಾಗ ಬೆದರಿ ಓಡುವ ಬದಲು ಮೇಲೆರಗುತ್ತದೆ, ಎರಗುವುದು ಹೆಚ್ಚಾಗಿ ಮುಖಕ್ಕೆ, ತಲೆಗೆ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವವರು, ನಸುಕಿನಲ್ಲಿ ಬಯಲಿಗೆ ಹೋಗುವ ಹೆಂಗಸರು, ಕಟ್ಟಿಗೆಗೆ, ಸೀತಾಫಲಕ್ಕೆ ಗುಡ್ಡದ ಅಂಚಿಗೆ ಹೋಗುವವರು, ಕುರಿ ಕಾಯುವವರು ಈ ಅಪಾಯದ ನಡುವೆಯೇ ಬದುಕುತ್ತಾರೆ. ಜೊತೆಗೆ, ಧಾಮವೆಂದು ಘೋಷಣೆಯಾದ ಕಾಡಿನಲ್ಲಿ ಮೇಯಿಸುವುದಕ್ಕೂ ಸೌದೆ ತರುವುದಕ್ಕೂ ನಿರ್ಬಂಧಗಳು ಬರುತ್ತವೆ. ಕರಡಿ ಇಡೀ ನಾಡಿನ ಆಸ್ತಿಯಾದರೂ ಅದನ್ನು ಉಳಿಸಿಕೊಳ್ಳುವ ಖರ್ಚು ಮಾತ್ರ ಹತ್ತಾರು ಹಳ್ಳಿಗಳ ಹೆಗಲಿಗೆ ಬಿದ್ದಿದೆ.

ಇಷ್ಟು ಹೇಳಿದ ಕೂಡಲೇ 'ಪರಿಹಾರ ಕೊಡುತ್ತಾರಲ್ಲ' ಎಂಬ ಉತ್ತರ ಬರುತ್ತದೆ. ಕೊಡುತ್ತಾರೆ, ನಿಜ. ಬೆಳೆಹಾನಿಗೂ, ಗಾಯಕ್ಕೂ, ಸಾವಿಗೂ ಅರಣ್ಯ ಇಲಾಖೆ ದರ ನಿಗದಿ ಮಾಡಿದೆ. 2022ರ ಕೊನೆಯಲ್ಲಿ ಸಾವಿನ ಪರಿಹಾರವನ್ನು 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಪರಿಹಾರ ಬೇರೆ, ಪಾಲು ಬೇರೆ. ಪರಿಹಾರ ನಷ್ಟವಾದ ಮೇಲೆ, ನಷ್ಟವಾದವನಿಗೆ, ಅವನು ಅರ್ಜಿ ಹಾಕಿ ಪಹಣಿ, ಫೋಟೋ, ಪಂಚನಾಮೆಗಳನ್ನೆಲ್ಲ ಹೊಂದಿಸಿದ ಮೇಲೆ ಬರುವ ಹಣ. ಹೊಲವನ್ನು ಬಾಯಿಮಾತಿನ ಗುತ್ತಿಗೆಗೆ ಮಾಡುವವನ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ; ಅಟ್ಟಣಿಗೆಯ ಮೇಲೆ ಕುಳಿತು ನಿದ್ದೆಗೆಟ್ಟು ಬೆಳೆ ಉಳಿಸಿಕೊಂಡವನಿಗೆ ನಷ್ಟವೇ ಆಗಿಲ್ಲವಾದ್ದರಿಂದ ಅರ್ಜಿಯ ಪ್ರಶ್ನೆಯೂ ಏಳುವುದಿಲ್ಲ. ಪಾಲು ಹಾಗಲ್ಲ. ಕಾಡಿನಿಂದ ಬಂದ ಆದಾಯದಲ್ಲಿ ಇಂತಿಷ್ಟು, ಯಾರ ಬೆಳೆ ಹಾಳಾಗಲಿ ಆಗದಿರಲಿ, ಕಾಡಿನ ಪಕ್ಕ ಬದುಕುತ್ತಿರುವ ಕಾರಣಕ್ಕೇ ಇಡೀ ಊರಿಗೆ ಸಲ್ಲುತ್ತದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ನಿಗದಿತ ಪಾಲು ಇಲ್ಲ.

ಪಕ್ಕದ ನೇಪಾಳದಲ್ಲಿ ಇದೆ. ಅಲ್ಲಿ 1993ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆಯನ್ನು ತಿದ್ದಿ, ಉದ್ಯಾನದ ಸುತ್ತ 'ಮಧ್ಯವರ್ತಿ ಕ್ಷೇತ್ರ' ಎಂಬ ವಲಯವನ್ನು ಗುರುತಿಸಲು, ಉದ್ಯಾನದ ಆದಾಯದ ಶೇಕಡಾ 30ರಿಂದ 50ರಷ್ಟನ್ನು ಆ ವಲಯದ ಜನರ ಅಭಿವೃದ್ಧಿಗೆ ಕೊಡಲು ಅವಕಾಶ ಮಾಡಿದರು. 1996ರಲ್ಲಿ ನಿಯಮಾವಳಿ ಬಂತು, ಅದೇ ವರ್ಷ ಚಿತ್ವನ್ ಉದ್ಯಾನದ ಸುತ್ತ ಇಂಥ ವಲಯವೂ ಘೋಷಣೆಯಾಯಿತು. ನನಗೆ ಬಹಳ ಹಿಡಿಸಿದ್ದು ಆ ಹಣವನ್ನು ಹಂಚುವ ರೀತಿ: ಸಂರಕ್ಷಣೆಗೆ 30, ಸಮುದಾಯದ ಅಭಿವೃದ್ಧಿಗೆ 30, ಆದಾಯ ತರುವ ಕಸುಬು ಮತ್ತು ಕೌಶಲಗಳಿಗೆ 20, ತಿಳಿವಳಿಕೆಗೆ 10, ಆಡಳಿತಕ್ಕೆ 10 ಎಂದು ಮಾರ್ಗಸೂಚಿಯೇ ಶೇಕಡಾವಾರು ಹೇಳುತ್ತದೆ. ಮನೆಮನೆಯಿಂದ ಬಳಕೆದಾರರ ಗುಂಪುಗಳು, ಗುಂಪುಗಳಿಂದ ಸಮಿತಿಗಳು, ಸಮಿತಿಗಳಿಂದ ಮೇಲಿನ ಪರಿಷತ್ತು, ಅದಕ್ಕೆ ಉದ್ಯಾನದ ಮುಖ್ಯ ಅಧಿಕಾರಿಯೇ ಸದಸ್ಯ ಕಾರ್ಯದರ್ಶಿ. ಚಿತ್ವನ್ ಅಂಚಿನ ಸೌರಾಹ ಎಂಬ ಊರಿನ ಬಳಿಯ ಬಾಗಮಾರಾ ಸಮುದಾಯ ಅರಣ್ಯವಂತೂ ಒಂದು ಕಾಲಕ್ಕೆ ಬೋಳಾಗಿದ್ದ ನೆಲ. ಊರವರು ಅದನ್ನು ಬೆಳೆಸಿ, ಈಗ ಪ್ರವಾಸಿಗರಿಂದ ತಾವೇ ಶುಲ್ಕ ಪಡೆಯುತ್ತಾರೆ. ಅಲ್ಲೂ ದೂರುಗಳಿಲ್ಲದಿಲ್ಲ. ಸಮಿತಿಗಳಲ್ಲಿ ಉಳ್ಳವರ ಮಾತೇ ನಡೆಯುತ್ತದೆ, ರಸ್ತೆ ಬದಿಯ ಊರಿಗೆ ಕಾಮಗಾರಿ ಸಿಗುತ್ತದೆ, ಘೇಂಡಾಮೃಗ ನುಗ್ಗುವ ಕಾಡಂಚಿನ ಗುಡಿಸಲಿಗೆ ಸಿಗುವುದಿಲ್ಲ ಎಂಬ ಮಾತು ಬಹಳ ಹಳೆಯದು.

ಉಗಾಂಡದ ಕಥೆಯಿಂದ ಕಲಿಯುವುದು ಇನ್ನೂ ಹೆಚ್ಚಿದೆ. ಅಲ್ಲಿ 1996ರ ವನ್ಯಜೀವಿ ಶಾಸನ ಉದ್ಯಾನದ ಪ್ರವೇಶ ಶುಲ್ಕದ ಶೇಕಡಾ 20ನ್ನು ನೆರೆಯ ಸ್ಥಳೀಯ ಆಡಳಿತಗಳಿಗೆ ಮೀಸಲಿಟ್ಟಿತು. ಕೇಳಲು ದೊಡ್ಡ ಮಾತೇ. ಆದರೆ ಬ್ವಿಂಡಿಯ ಗೊರಿಲ್ಲಾ ಕಾಡಿನಲ್ಲಿ ನಿಜವಾದ ದುಡ್ಡು ಇರುವುದು ಪ್ರವೇಶ ಶುಲ್ಕದಲ್ಲಲ್ಲ, ಗೊರಿಲ್ಲಾ ನೋಡಲು ಕೊಳ್ಳುವ ನೂರಾರು ಡಾಲರಿನ ಪರವಾನಗಿಯಲ್ಲಿ. ಆ 20ರ ಲೆಕ್ಕಕ್ಕೆ ಪರವಾನಗಿ ಸೇರಲೇ ಇಲ್ಲ. ಆಮೇಲೆ ಪ್ರತಿ ಪರವಾನಗಿಯಿಂದ ಕೆಲವು ಡಾಲರುಗಳನ್ನು ಪ್ರತ್ಯೇಕವಾಗಿ ತೆಗೆದಿಡುವ ಏರ್ಪಾಡು ಮಾಡಬೇಕಾಯಿತು. ಶೇಕಡಾವಾರು ಎಷ್ಟು ಎಂಬುದಕ್ಕಿಂತ ಯಾವುದರ ಶೇಕಡಾವಾರು ಎಂಬುದೇ ಮುಖ್ಯವೆಂದು ನನಗೆ ಮನದಟ್ಟಾದದ್ದು ಇದರಿಂದ. ಇನ್ನು ಆ ಕಾಡಿನ ಮೂಲನಿವಾಸಿಗಳಾದ ಬಟ್ವಾ ಜನರ ಪಾಡು: 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ಅವರನ್ನು ಕಾಡಿನಿಂದ ಹೊರಹಾಕಲಾಯಿತು. ಆದಾಯ ಹಂಚಿಕೆಯ ಯೋಜನೆಗಳಲ್ಲಿ ಹೊಲ, ಮನೆ ಇದ್ದವರಿಗೆ ಮೇಕೆ, ಬಿತ್ತನೆ ಆಲೂಗಡ್ಡೆ, ಶಾಲಾ ಕಟ್ಟಡ ಸಿಕ್ಕರೆ, ನೆಲವೇ ಇಲ್ಲದ ಬಟ್ವಾಗಳಿಗೆ ಸಿಕ್ಕದ್ದು ಕಡಿಮೆ. ರುವಾಂಡ 2005ರಲ್ಲಿ ಉದ್ಯಾನಗಳ ಪ್ರವಾಸೋದ್ಯಮ ಆದಾಯದ ಶೇಕಡಾ 5ರಿಂದ ಆರಂಭಿಸಿ, 2017ರಲ್ಲಿ ಗೊರಿಲ್ಲಾ ಪರವಾನಗಿಯ ದರವನ್ನು 750ರಿಂದ 1,500 ಡಾಲರಿಗೆ ಏರಿಸಿದಾಗ ಊರುಗಳ ಪಾಲನ್ನೂ ಶೇಕಡಾ 10ಕ್ಕೆ ಏರಿಸಿತು; ಟಿಕೆಟ್ಟಿನ ದರವೂ ಜನರ ಪಾಲೂ ಒಟ್ಟಿಗೆ ಏರಿದ್ದು ನನಗೆ ಮೆಚ್ಚುಗೆಯಾದ ಸಂಗತಿ.

ನಮ್ಮ ದೇಶದಲ್ಲಿ ಇಂಥ ಯೋಚನೆಯೇ ಇಲ್ಲವೆಂದಲ್ಲ. 2006ರ ತಿದ್ದುಪಡಿಯಿಂದ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕೆಂದಾಯಿತು. ಆ ಪ್ರದೇಶದ ಆರ್ಥಿಕ, ಸಾಮಾಜಿಕ ಅಭಿವೃದ್ಧಿಗೆ ನೆರವಾಗುವುದೂ ಅದರ ಉದ್ದೇಶಗಳಲ್ಲಿ ಒಂದು. ಆದರೆ ಕರ್ನಾಟಕದ ಐದು ಹುಲಿ ಪ್ರದೇಶಗಳು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ ಮತ್ತು ಕಾಳಿ. ಕಲ್ಯಾಣ ಕರ್ನಾಟಕದಲ್ಲಿ ಒಂದೂ ಇಲ್ಲ, ಒಂದು ರಾಷ್ಟ್ರೀಯ ಉದ್ಯಾನವೂ ಇಲ್ಲ. ನಮ್ಮ ಪಾಲಿಗೆ ಬಂದದ್ದು ಕುರುಚಲು ಕಾಡು, ಬಂಡೆಗುಡ್ಡ, ಅವುಗಳಲ್ಲಿ ಕರಡಿ, ತೋಳ, ಚಿರತೆ, ತುಂಗಭದ್ರೆಯಲ್ಲಿ ನೀರುನಾಯಿ. ಹುಲಿಯ ನೆರೆಯವನಿಗೆ ಒಂದು ಕಾನೂನು, ಕರಡಿಯ ನೆರೆಯವನಿಗೆ ಇನ್ನೊಂದು ಎಂಬುದನ್ನು ಪ್ರಾಣಿಶಾಸ್ತ್ರದ ಯಾವ ಪುಸ್ತಕವೂ ಸಮರ್ಥಿಸಲಾರದು.

ದರೋಜಿಯ ಗೇಟಿನ ಆದಾಯ ಬ್ವಿಂಡಿಯದಲ್ಲ, ಬಂಡೀಪುರದ್ದೂ ಅಲ್ಲ ಎಂಬುದನ್ನು ಬಲ್ಲೆ. ಆದರೆ ಕರಡಿಯ ಹೆಸರಿನಲ್ಲಿ ಹರಿಯುವ ಹಣವೆಲ್ಲ ಗೇಟಿನಲ್ಲೇ ಹರಿಯುವುದಿಲ್ಲ. ಹಂಪಿಗೆ ಬಂದವರು ಒಂದು ರಾತ್ರಿ ಹೆಚ್ಚು ಉಳಿದರೆ ಅದರ ಲಾಭ ಕಮಲಾಪುರ, ಹೊಸಪೇಟೆಗಳ ವಸತಿಗೃಹಗಳಿಗೆ, ಬಾಡಿಗೆ ಗಾಡಿಗಳಿಗೆ. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಯೂ ಕಮಲಾಪುರದಲ್ಲಿದೆ. ಉಗಾಂಡ ತಡವಾಗಿ ಕಲಿತದ್ದನ್ನು ನಾವು ಮೊದಲೇ ಕಲಿಯಬಹುದು: ಪಾಲನ್ನು ಗೇಟಿನ ಟಿಕೆಟ್ಟಿಗೆ ಮಾತ್ರ ಕಟ್ಟಿಹಾಕದೆ, ಸಫಾರಿ ಇರುವ ಪ್ಯಾಕೇಜಿನ ಪ್ರತಿ ಕೋಣೆಯ ಬಾಡಿಗೆಯಿಂದಲೂ ಒಂದು ಸಣ್ಣ ಮೊತ್ತವನ್ನು ತೆಗೆಯಬೇಕು. ಸಣ್ಣ ಮೊತ್ತದಿಂದಲೂ ಇಲ್ಲಿ ಆಗುವ ಕೆಲಸ ದೊಡ್ಡದು. ಕರಡಿ ಮತ್ತು ಮನುಷ್ಯ ಮುಖಾಮುಖಿಯಾಗುವುದು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ. ಕಾಡಂಚಿನ ಕೇರಿಗೆ ಬೀದಿದೀಪ, ನೀರಿನ ಸಂಪರ್ಕ ಇರುವ ಮತ್ತು ಬಳಸಲು ಯೋಗ್ಯವಾದ ಶೌಚಾಲಯ, ಗ್ಯಾಸ್ ಸಿಲಿಂಡರ್ ಮತ್ತೆ ತುಂಬಿಸಲು ಸಹಾಯಧನ, ಕೊಳವೆಬಾವಿಗೆ ಹಗಲಿನಲ್ಲೇ ಮೂರು ಫೇಸ್ ವಿದ್ಯುತ್: ಇವುಗಳಲ್ಲಿ ಯಾವುದನ್ನೂ ಯಾರೂ ವನ್ಯಜೀವಿ ಸಂರಕ್ಷಣೆ ಎಂದು ಕರೆಯುವುದಿಲ್ಲ, ಆದರೆ ಕರಡಿಯನ್ನೂ ಮನುಷ್ಯನನ್ನೂ ಒಬ್ಬರಿಂದೊಬ್ಬರು ದೂರವಿಡುವ ಕೆಲಸವನ್ನು ಇವು ಮಾಡುವಷ್ಟು ಚೆನ್ನಾಗಿ ಇನ್ಯಾವುದೂ ಮಾಡದು. ಸಮುದಾಯ ಭವನ, ಸ್ವಾಗತ ಕಮಾನುಗಳಿಗೆ ಈ ಹಣ ಹೋಗಬಾರದೆಂದು ನಿಯಮದಲ್ಲೇ ಬರೆದಿಡಬೇಕೆಂಬುದು ನನ್ನ ಹಟ. ಖನಿಜ ನಿಧಿಯ ಕಾಮಗಾರಿಗಳನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ತೀರ್ಮಾನಿಸುವವರು ಯಾರು ಎಂಬುದಕ್ಕೆ ಕಾಯ್ದೆಯಲ್ಲೇ ಒಂದು ಎಳೆ ಇದೆ. ವನ್ಯಜೀವಿ ಕಾಯ್ದೆಯ 33ಬಿ ಕಲಮು ಧಾಮಗಳಿಗೆ ಸಲಹಾ ಸಮಿತಿಯನ್ನು ರಚಿಸಬೇಕೆನ್ನುತ್ತದೆ. ಅದರಲ್ಲಿ ಆ ಕ್ಷೇತ್ರದ ಶಾಸಕರೂ ಪಂಚಾಯತ್ ರಾಜ್ ಸಂಸ್ಥೆಗಳ ಮೂವರು ಪ್ರತಿನಿಧಿಗಳೂ ಇರಬೇಕು, ಧಾಮದ ಒಳಗೆ ಮತ್ತು ಸುತ್ತ ಇರುವ ಜನರ ಸಹಭಾಗಿತ್ವದ ಬಗ್ಗೆ ಸಲಹೆ ಕೊಡುವುದೂ ಅದರ ಕೆಲಸ. ಸಲಹೆ ಕೊಡಲು ಇರುವ ಈ ಸಮಿತಿಯ ಕೈಗೆ ಒಂದು ಖಾತೆಯನ್ನೂ ಕೊಟ್ಟು, ಖರ್ಚಿನ ಪಟ್ಟಿ ಗ್ರಾಮಸಭೆಯಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಹಣ ಬಿಡುಗಡೆಯಾಗುವಂತೆ ಮಾಡಿದರೆ ಹೊಸ ಸಂಸ್ಥೆ ಕಟ್ಟುವ ಶ್ರಮವೂ ಉಳಿಯುತ್ತದೆ. ಪಟ್ಟಿಯಲ್ಲಿ ನೆಲವಿಲ್ಲದವರಿಗೆ, ಕುರಿಗಾಹಿಗಳಿಗೆ ಪ್ರತ್ಯೇಕ ಸಾಲು ಇರಬೇಕು, ಇಲ್ಲವಾದರೆ ಬಟ್ವಾಗಳಿಗಾದದ್ದೇ ಇಲ್ಲೂ ಆಗುತ್ತದೆ.

ಕುರಿಗಾಹಿಗಳ ಮಾತಿನೊಂದಿಗೆ ಕೊಪ್ಪಳ ಜಿಲ್ಲೆಯ ವಿಷಯ ಬರುತ್ತದೆ, ಮತ್ತು ನನ್ನ ವಾದ ಬಿಗಿಯಾಗಬೇಕಾದ ಜಾಗವೂ ಅದೇ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಧಾಮವಿದೆ. ತೋಳ ನೋಡಲು ಬಸ್ಸು ತುಂಬ ಜನ ಬರುವುದಿಲ್ಲ, ಬರುವುದೂ ಬೇಡ. ಬಯಲು ಹುಲ್ಲುಗಾವಲಿನಲ್ಲಿ ಮರಿ ಹಾಕುವ ಪ್ರಾಣಿಗೆ ಜೀಪುಗಳಿಂದ ಕೇಡೇ ಹೆಚ್ಚು. ಆದರೆ ತೋಳ ಕುರಿ ಒಯ್ಯುವುದು ತಪ್ಪುವುದಿಲ್ಲ. ಪ್ರತಿ ಧಾಮವೂ ತನ್ನ ಗಳಿಕೆಯಿಂದಲೇ ತನ್ನ ನೆರೆಹೊರೆಯನ್ನು ನೋಡಿಕೊಳ್ಳಲಿ ಎಂದರೆ ಬಂಕಾಪುರದ ಕುರಿಗಾಹಿಗೆ ಸೊನ್ನೆ ಸಿಗುತ್ತದೆ. ನೇಪಾಳದ ಪದ್ಧತಿಯ ದೊಡ್ಡ ಕುಂದು ಇದೇ: ಪ್ರವಾಸಿಗರು ತುಂಬಿದ ಚಿತ್ವನ್‌ನ ಸುತ್ತ ಹಣ ಓಡಾಡುತ್ತದೆ, ಪ್ರವಾಸಿಗರು ಅಪರೂಪವಾದ ಉದ್ಯಾನಗಳ ಸುತ್ತಲಿನವರಿಗೆ ಕಾಯ್ದೆಯ ಶೇಕಡಾವಾರು ಮಾತ್ರ ಉಳಿಯುತ್ತದೆ. ಆದ್ದರಿಂದ ರಾಜ್ಯದ ಎಲ್ಲ ಸಫಾರಿಗಳ ಆದಾಯದಿಂದ ಒಂದು ಭಾಗ ಸಾಮಾನ್ಯ ನಿಧಿಗೆ ಸೇರಿ, ಅಲ್ಲಿಂದ ಗೇಟು, ಟಿಕೆಟ್ಟುಗಳಿಲ್ಲದ ಧಾಮಗಳಿಗೂ ಹಂಚಿಕೆಯಾಗಬೇಕು. ಇದಕ್ಕೆ ಚಾಮರಾಜನಗರದವರು ಸುಮ್ಮನೆ ಒಪ್ಪುವುದಿಲ್ಲ, ಒಪ್ಪಬೇಕೆಂದು ಹೇಳುವ ಅಧಿಕಾರವೂ ನನಗಿಲ್ಲ. ಆನೆ ತುಳಿದ ಹೊಲದ ಮಾಲೀಕ 'ನಮ್ಮ ಬಂಡೀಪುರದ ದುಡ್ಡು ಗಂಗಾವತಿಗೇಕೆ' ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹುಲಿ ಪ್ರದೇಶಗಳ ನೆರೆಯವರ ಈಗಿನ ಪಾಲಿಗೆ ಕೈ ಹಾಕದೆ, ಮುಂದೆ ಸಫಾರಿ ದರ ಏರಿದಾಗಲೆಲ್ಲ ಆ ಏರಿಕೆಯ ಅರ್ಧವನ್ನು ಮಾತ್ರ ಸಾಮಾನ್ಯ ನಿಧಿಗೆ ತೆಗೆಯುವುದು ನನಗೆ ಹೊಳೆದಿರುವ ಮಧ್ಯದ ದಾರಿ.