ಸಿಲ್ಚೆಸ್ಟರ್: ಹುಲ್ಲಿನಡಿಯ ರೋಮನ್ ಊರು

ಲಂಡನ್ನಿನಿಂದ ಸಿಲ್ಚೆಸ್ಟರ್‌ಗೆ ಹೊರಟವರು ಮೊದಲು ರೆಡಿಂಗ್‌ನಲ್ಲಿ ಇಳಿಯಿರಿ. ಪ್ಯಾಡಿಂಗ್ಟನ್‌ನಿಂದ ವೇಗದ ರೈಲು ಹಿಡಿದರೆ ಅರ್ಧ ಗಂಟೆಯ ಹಾದಿ. ಅಲ್ಲಿನ ಟೌನ್ ಹಾಲ್‌ನೊಳಗಿರುವ ಮ್ಯೂಸಿಯಂಗೆ ಟಿಕೆಟ್ ಇಲ್ಲ, ಆದರೆ ಎಲ್ಲ ದಿನವೂ ತೆರೆದಿರುವುದಿಲ್ಲ. ವಾರ ನೋಡಿಕೊಂಡು ಹೋಗಿ.

ಈ ಕ್ರಮ ತಪ್ಪಿಸಿದವರಿಗೆ ನಿರಾಸೆ ಖಚಿತ. ಅಟ್ರೆಬಾಟೆಸ್ ಎಂಬ ಕೆಲ್ಟಿಕ್ ಬುಡಕಟ್ಟಿನ ರಾಜಧಾನಿ ಕಲ್ಲೇವಾ ಇದ್ದದ್ದು ಸಿಲ್ಚೆಸ್ಟರ್‌ನಲ್ಲೇ. 1890ರಿಂದ 1909ರವರೆಗೆ ಕೋಟೆಯೊಳಗಿನ ನೆಲವನ್ನೆಲ್ಲ ಅಗೆದು, ನಕ್ಷೆ ಬರೆದು, ಮತ್ತೆ ಮಣ್ಣು ಮುಚ್ಚಿದರು. ಹಾಗಾಗಿ ಒಳಗೆ ಕಾಣುವುದು ಬರೀ ಹುಲ್ಲುಗಾವಲು. ಸಿಕ್ಕ ವಸ್ತುಗಳು ಮ್ಯೂಸಿಯಂನಲ್ಲಿವೆ. 1866ರಲ್ಲಿ ಬೆಸಿಲಿಕಾದಲ್ಲಿ, ಅಂದರೆ ಊರಿನ ಸಾರ್ವಜನಿಕ ಸಭಾಭವನದಲ್ಲಿ, ದೊರೆತ ಕಂಚಿನ ಹದ್ದನ್ನು ಬಿಡದೆ ನೋಡಿ.

ಊರಿನ ನಕ್ಷೆಯೊಂದನ್ನು ಜೊತೆಗೆ ಇಟ್ಟುಕೊಳ್ಳಿ. ರೋಮನ್ ಬೀದಿಗಳು ಚೌಕಳಿಯಾಗಿ ಹಾಯ್ದಿವೆ. ಆದರೆ 1997ರಿಂದ 2014ರವರೆಗೆ ರೆಡಿಂಗ್ ವಿಶ್ವವಿದ್ಯಾಲಯ ಅಗೆದ ಒಂಬತ್ತನೇ ಇನ್ಸುಲಾದಲ್ಲಿ (ಬೀದಿಗಳ ನಡುವಿನ ಚೌಕ) ಅದಕ್ಕೂ ಹಳೆಯ ಓಣಿಗಳು ಓರೆಯಾಗಿ ಸಿಕ್ಕವು. ರೋಮನ್ನರು ಬರುವ ಮೊದಲೇ ಬುಡಕಟ್ಟಿನವರು ಊರನ್ನು ಯೋಜಿಸಿ ಕಟ್ಟಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ರೋಮನ್ ಚೌಕಳಿ ಬಂದ ಮೇಲೂ ಒಂದು ಮನೆ ಹಳೆಯ ಓರೆಯಲ್ಲೇ ನಿಂತಿತ್ತು!

ರೆಡಿಂಗ್‌ನಿಂದ ಬೇಸಿಂಗ್‌ಸ್ಟೋಕ್ ರೈಲು ಹತ್ತಿ ಮಾರ್ಟಿಮರ್‌ನಲ್ಲಿ ಇಳಿದರೆ ಉಳಿದದ್ದು ಸುಮಾರು 5 ಕಿ.ಮೀ. ಚಿಕ್ಕ ನಿಲ್ದಾಣ, ಟ್ಯಾಕ್ಸಿ ಕಾದಿರುತ್ತದೆಂದು ನಂಬಬೇಡಿ. ಹೋಗಲೂ ಬರಲೂ ಮೊದಲೇ ಗೊತ್ತುಮಾಡಿ. ನಡೆಯುವವರಿಗೆ ದಾರಿ ಕಿರಿದು, ಎಲ್ಲೆಡೆ ಕಾಲುದಾರಿಯಿಲ್ಲ.

ಗೋಡೆಯ ಸುತ್ತಳತೆ ಸುಮಾರು 2.4 ಕಿ.ಮೀ. ಕ್ರಿ.ಶ. 270ರ ಸುಮಾರಿಗೆ ಕಟ್ಟಿದ್ದು, ಕೆಲವೆಡೆ ಈಗಲೂ ಎರಡಾಳೆತ್ತರ ಮೀರಿದೆ. ದಕ್ಷಿಣ ಬಾಗಿಲ ಬಳಿ ನಿಧಾನಿಸಿ. ಹೊರಮೈಯ ಕಲ್ಲುಗಳನ್ನು ಜನ ಕಿತ್ತೊಯ್ದಿದ್ದರಿಂದ ಗೋಡೆಯ ಒಡಲು ತೆರೆದಿದೆ: ಗಾರೆಯಲ್ಲಿ ಹುದುಗಿದ ಚಕಮಕಿ ಕಲ್ಲುಗಳು, ನಡುನಡುವೆ ಚಪ್ಪಡಿಗಳ ಸಾಲು. ಗುಂಡುಗುಂಡಾದ ಚಕಮಕಿ ತಾನಾಗಿ ಮಟ್ಟ ನಿಲ್ಲದು. ಪ್ರತಿ ಹಂತವನ್ನು ಸಮಗೊಳಿಸಿ ಬಿಗಿಯುವುದು ಆ ಚಪ್ಪಡಿಗಳೇ.

ಆಂಫಿಥಿಯೇಟರ್, ಅಂದರೆ ಜನ ಸುತ್ತ ಕೂತು ಆಟ ನೋಡುತ್ತಿದ್ದ ಬಯಲು ರಂಗ, ಗೋಡೆಯ ಹೊರಗೆ, ಈಶಾನ್ಯಕ್ಕಿದೆ. ಗೋಡೆ ಸುತ್ತಿ ಮುಗಿಯಿತೆಂದು ಎಷ್ಟೋ ಜನ ಅದನ್ನು ನೋಡದೇ ಹಿಂತಿರುಗುತ್ತಾರೆ. ಪೂರ್ವ ಬಾಗಿಲ ಹತ್ತಿರದ ಸೇಂಟ್ ಮೇರಿ ಚರ್ಚನ್ನು ಗುರುತಾಗಿಟ್ಟುಕೊಳ್ಳಿ.

ಕೆಲವು ವಾರ ಮಳೆಯಿಲ್ಲದ ಬೇಸಿಗೆಯೇ ಸರಿಯಾದ ಕಾಲ. ಹೂತ ಬೀದಿಗಳ ಮೇಲೆ ಮಣ್ಣಿನ ಪದರ ತೆಳು, ತೇವ ನಿಲ್ಲದು. ಅಲ್ಲಿನ ಹುಲ್ಲು ಮೊದಲು ಹಳದಿಯಾಗಿ ಬೀದಿಯ ಗೆರೆ ಮೂಡುತ್ತದೆ. ಚಳಿಗಾಲದಲ್ಲಿ ಕೆಸರು, ಉದ್ದನೆಯ ಬೂಟು ಬೇಕು. ಅಂಗಡಿಯಿಲ್ಲ, ನೀರು ತಿಂಡಿ ಒಯ್ಯಿರಿ. ಪ್ರವೇಶ ಉಚಿತ, ಬೆಳಕಿರುವಷ್ಟು ಹೊತ್ತು. ಹೊಲದಲ್ಲಿ ದನ ಮೇಯುತ್ತಿರಬಹುದು. ದಾಟಿದ ಗೇಟನ್ನು ಮುಚ್ಚಿ.