ಗೊರಕೆ ಅಂದಾಗ ನಕ್ಕಿದ್ದೆ

ನಾನು ಮಕ್ಕಳ ಲಿವರ್ ಕಸಿ ವಿಭಾಗದಲ್ಲಿ ಕೋಆರ್ಡಿನೇಟರ್. ಮನೆಗೆ ಹೋದ ಮೇಲೆ ಜ್ವರ, ವಾಂತಿ, ಔಷಧಿ ಉಗುಳಿದ ಅಂತ ಎಲ್ಲದಕ್ಕೂ ಫೋನ್ ಬರುವುದು ನನಗೇ.

ಆ ಹುಡುಗನಿಗೆ 11 ತಿಂಗಳಿದ್ದಾಗ ಕಸಿ ಆಗಿತ್ತು. ಲಿವರ್ ಕೊಟ್ಟವರು ತಾಯಿ. ಐದು ತಿಂಗಳಾದ ಮೇಲೆ ಒಂದು ಸಂಜೆ ಔಷಧಿ ಬಗ್ಗೆ ಏನೋ ಕೇಳಿದವರು, ಫೋನ್ ಇಡುವ ಮುಂಚೆ "ಸಿಸ್ಟರ್, ಈಗೀಗ ರಾತ್ರಿ ಗೊರಕೆ ಹೊಡೀತಾನೆ" ಅಂದರು. "ಅಪ್ಪನ ಹಾಗೇ ಅಲ್ವಾ?" ಅಂದೆ. ಇಬ್ಬರೂ ನಕ್ಕೆವು. ಫೈಲಿನಲ್ಲಿ "ನೆಗಡಿ" ಅಂತ ಬರೆದೆ.

ಹತ್ತು ದಿನ ಬಿಟ್ಟು ಫಾಲೋಅಪ್‌ಗೆ ಬಂದಾಗ ಡಾಕ್ಟರು ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು. ಎರಡೂ ಟಾನ್ಸಿಲ್ ಒಂದಕ್ಕೊಂದು ತಾಗುವಷ್ಟು ಊದಿದ್ದವು. ಕುತ್ತಿಗೆಯಲ್ಲಿ ಗಂಟು. ರಕ್ತದಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಹಿಂದಿನ ಸಲಕ್ಕಿಂತ ತುಂಬಾ ಜಾಸ್ತಿ. ಬಯಾಪ್ಸಿಯಲ್ಲಿ ಪಿಟಿಎಲ್‌ಡಿ ಅಂತ ಬಂತು. ಕಸಿ ಆದವರಲ್ಲಿ ಹೆಚ್ಚಾಗಿ ಈ ವೈರಸ್‌ನಿಂದ ಹುಟ್ಟುವ ಗಡ್ಡೆ ಅದು.

1964ರಲ್ಲೇ ಪತ್ತೆಯಾದ ಈ ವೈರಸ್ ಬಹುಪಾಲು ದೊಡ್ಡವರ ಮೈಯಲ್ಲಿ ಸುಮ್ನೆ ಮಲಗಿರುತ್ತದೆ. ಬಿಳಿ ರಕ್ತಕಣಗಳಲ್ಲಿ ಬಿ, ಟಿ ಅಂತ ಬಗೆಗಳಿವೆ. ಅದು ಅಡಗುವುದು ಬಿ ಕಣಗಳಲ್ಲಿ, ಕಾವಲು ಕಾಯುವುದು ಟಿ ಕಣಗಳು. ಹೊಸ ಲಿವರನ್ನು ದೇಹ ತಳ್ಳಿಹಾಕದಿರಲಿ ಅಂತ ಕೊಡುವ ಟ್ಯಾಕ್ರೊಲಿಮಸ್ ಆ ಕಾವಲುಗಾರರನ್ನೇ ಮಂಕು ಮಾಡುತ್ತದೆ. ಆಗ ಬಿ ಕಣಗಳು ಲಂಗುಲಗಾಮಿಲ್ಲದೆ ಬೆಳೆಯುತ್ತವೆ. ಎಷ್ಟೋ ಕೂಸುಗಳಿಗೆ ಈ ವೈರಸ್ ಮೊದಲ ಸಲ ಸಿಗುವುದೇ ಇಂಥ ಹೊತ್ತಿನಲ್ಲಿ, ಕೆಲವೊಮ್ಮೆ ಕೊಟ್ಟ ಅಂಗದ ಜೊತೆಗೇ.

ಇದನ್ನು ಕೇಳಿದ ತಾಯಿ, "ಹಂಗಾದ್ರೆ ನನ್ನಿಂದಲೇ ಬಂತಾ?" ಅಂದರು.

ಡಾಕ್ಟರು ಸುಳ್ಳು ಹೇಳಲಿಲ್ಲ. "ಬಂದಿರಬಹುದಮ್ಮ. ಆದರೆ ನಿಮ್ಮ ಲಿವರ್ ಇಲ್ಲದಿದ್ದರೆ ಇವನೇ ಇರುತ್ತಿರಲಿಲ್ಲ." "ನೆಗಡಿ" ಅಂತ ಬರೆದಿದ್ದ ಫೈಲ್ ನನ್ನ ಕೈಯಲ್ಲೇ ಇತ್ತು. ತಲೆ ಎತ್ತಲಾಗಲಿಲ್ಲ.

ಮೊದಲು ಟ್ಯಾಕ್ರೊಲಿಮಸ್ ಇಳಿಸಿದರು. ಕಾವಲು ಎಚ್ಚೆತ್ತರೆ ಕೆಲವು ಗಡ್ಡೆಗಳು ತಾವೇ ಕರಗುತ್ತವೆ. ಸರ್ಜನ್ ಥಾಮಸ್ ಸ್ಟಾರ್ಜ್ಲ್ ತಂಡ ಇದನ್ನು 1984ರಲ್ಲೇ ವರದಿ ಮಾಡಿತ್ತು. ಆದರೆ ಜಾಸ್ತಿ ಇಳಿಸಿದರೆ ಲಿವರಿಗೇ ಕುತ್ತು. ವಾರಕ್ಕೆರಡು ಸಲ ಆ ಪುಟ್ಟ ಕೈಯಿಂದ ರಕ್ತ ತೆಗೆದೆವು. ಅಷ್ಟು ಸಾಲದೆ ಬಿ ಕಣಗಳನ್ನೇ ನಾಶ ಮಾಡುವ ರಿಟುಕ್ಸಿಮ್ಯಾಬ್ ಔಷಧಿ, ವಾರಕ್ಕೊಂದರಂತೆ ನಾಲ್ಕು ಡೋಸ್. ಮೂರನೆಯದಾದ ಮೇಲೆ ಹುಡುಗ ರಾತ್ರಿ ಗೊರಕೆಯಿಲ್ಲದೆ ನಿದ್ದೆ ಮಾಡಿದ.

ಈಗ ಯಾರೇ ಫೋನ್ ಮಾಡಿದರೂ ಕೇಳುತ್ತೇನೆ: ಗೊರಕೆ ಇದೆಯಾ? ಕುತ್ತಿಗೆಯಲ್ಲಿ ಗಂಟು? ಬಿಡದ ಜ್ವರ? ಮಲದಲ್ಲಿ ರಕ್ತ? ತೂಕ ಇಳಿದಿದೆಯಾ? ಹೊಸದಾಗಿ ಸೇರಿದ ಹುಡುಗಿಗೆ ಗೊರಕೆಯ ಪ್ರಶ್ನೆ ಕೇಳಿ ನಗು ಬಂತು. ಹಳೇ ಫೈಲ್ ತೆಗೆದು ಅವಳ ಮುಂದಿಟ್ಟೆ.

ಆ ತಾಯಿ ಈಗಲೂ ಫೋನ್ ಮಾಡುತ್ತಾರೆ. ನಾನು ಹಲೋ ಅನ್ನುವ ಮುಂಚೆಯೇ, "ಗೊರಕೆ ಇಲ್ಲ ಸಿಸ್ಟರ್."